ಹಟ್ಟಿಯ ಹೊರಗಿನ ಗುಡಿಸಲು: ಅನ್ಯಸಂಸ್ಕೃತಿಯ ಭೇಟಿಯಲ್ಲಿ ಕಲಿಯುವವರು ಯಾರು?

ಗುರುಮಠದ ಅಭ್ಯರ್ಥಿಗಳು ಗ್ರಾಮವಾಸ ಮುಗಿಸಿ ಬಂದು ಒಪ್ಪಿಸುವ ವರದಿಗಳಲ್ಲಿ ಒಂದು ವಾಕ್ಯ ತಪ್ಪದೆ ಕಾಣಿಸಿಕೊಳ್ಳುತ್ತದೆ. ಬೇರೊಂದು ಸಂಸ್ಕೃತಿಯ ಜನರೊಡನೆ ಇದ್ದು ತಮ್ಮ ದೃಷ್ಟಿ ವಿಶಾಲವಾಯಿತು, ತಾವು ಬೆಳೆದೆವು ಎಂಬುದೇ ಆ ವಾಕ್ಯ. ಅದನ್ನು ತಿದ್ದುವ ಕೆಲಸದಲ್ಲಿರುವ ನಾವು ವರ್ಷಗಟ್ಟಲೆ ಅದರ ಎದುರು ಸರಿ ಗುರುತು ಹಾಕುತ್ತ ಬಂದಿದ್ದೇವೆ. ಆದರೆ ಬೆಳೆದದ್ದು ಏನು, ಕಲಿತದ್ದು ಏನು ಎಂದು ಕೇಳಿದವರು ಕಡಿಮೆ. ಕಂಡದ್ದನ್ನು ಬರೆದುಕೊಂಡು ಬಂದರೆ ಕಲಿತಂತಾಯಿತೆ? ಎದುರಿನವರ ಪದ್ಧತಿ ನಮ್ಮ ಬೆಳವಣಿಗೆಗೆ ಒದಗಿದ ಸಾಮಗ್ರಿ ಮಾತ್ರವೆ? ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಕನ್ನಡ ನಾಡನ್ನು ಕುರಿತ ಎರಡು ಹಳೆಯ ಗ್ರಂಥಗಳನ್ನೂ ನಮ್ಮದೇ ಒಂದು ಅನುಭವವನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಮ್ಮ ಅಭ್ಯರ್ಥಿಗಳು ಹೋಗುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಇಂಥ ಪರಿಶೀಲನೆಗೆ ತಕ್ಕ ನೆಲ. ಬೆಂಗಳೂರು ಮಹಾಧರ್ಮಕ್ಷೇತ್ರದ ವ್ಯಾಪ್ತಿಗೆ ಸೇರಿದ್ದರೂ ಇಲ್ಲಿ ಕ್ರೈಸ್ತರ ಸಂಖ್ಯೆ ಅತ್ಯಲ್ಪ. ಬಹುಪಾಲು ಆಂಧ್ರದ ನೆಲದಿಂದಲೇ ಸುತ್ತುವರಿದ ಪಾವಗಡದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. 1687ರಿಂದ ಮೊಗಲರ ಸುಬಾದ ಕೇಂದ್ರವಾಗಿದ್ದ ಶಿರಾದಲ್ಲಿ 1696ರ ಜುಮ್ಮಾ ಮಸೀದಿ ಇಂದಿಗೂ ನಿಂತಿದೆ. ಊರುಗಳಿಂದ ತುಸು ದೂರದಲ್ಲಿ ಕಾಡುಗೊಲ್ಲರ ಹಟ್ಟಿಗಳಿವೆ. ಅಲ್ಲಿ ಉದ್ದನೆಯ ಬಿದಿರಿನ ಗಣೆಯನ್ನು ಊದಿ ಜುಂಜಪ್ಪನ ಕಥನವನ್ನು ಹಾಡುವವರು ಇನ್ನೂ ಇದ್ದಾರೆ. ಹೀಗೆ ಎಲ್ಲಿ ಕಾಲಿಟ್ಟರೂ ನಾವು ಅತಿಥಿಗಳೇ.

ಈ ದಾರಿಯಲ್ಲಿ ನಮಗಿಂತ ಬಹಳ ಹಿಂದೆ ನಡೆದವನು ಫ್ರಾನ್ಸಿಸ್ ಬುಕಾನನ್. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಈ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದನು. ಅವನ ಪ್ರವಾಸಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ದೊಡ್ಡಬಳ್ಳಾಪುರದಿಂದ ಶಿರಾದವರೆಗಿನ ಪಯಣಕ್ಕೆ ಒಂದು ಅಧ್ಯಾಯವೇ ಮೀಸಲು. ಮಧುಗಿರಿ ಅದರ ಮುಖ್ಯ ನಿಲುದಾಣ.

ಬುಕಾನನ್ನನ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಅವನು ಕೇಳಬಲ್ಲವನು. ನೇಗಿಲು ಹೇಗಿದೆ, ಕೆರೆಯ ನೀರು ಯಾರ ಗದ್ದೆಗೆ ಮೊದಲು ಹೋಗುತ್ತದೆ, ದನಗಾಹಿಗಳು ಹಾಲನ್ನು ಏನು ಮಾಡುತ್ತಾರೆ, ಕಂಬಳಿ ನೇಯುವವರು ಯಾರು, ಯಾವ ಜಾತಿಯವರು ಯಾರೊಡನೆ ಉಣ್ಣುತ್ತಾರೆ ಎಂದು ಅವನು ವಿಚಾರಿಸದೆ ಬಿಟ್ಟದ್ದು ಕಡಿಮೆ. ಪಂಡಿತರ ಮಾತನ್ನು ಕಣ್ಣುಮುಚ್ಚಿ ನಂಬದೆ ಆಯಾ ಕುಲದವರನ್ನೇ ಕರೆಸಿ ಕೇಳಿದ್ದು ಅವನ ಕಾಲಕ್ಕೆ ದೊಡ್ಡ ಸಂಗತಿ. ಇಂದಿಗೂ ಈ ಸೀಮೆಯ ಇತಿಹಾಸ ಬರೆಯುವವರು ಅವನ ಪುಟಗಳನ್ನು ತಿರುವಿಹಾಕದೆ ಮುಂದುವರಿಯಲಾರರು.

ಆದರೆ ಆ ಗ್ರಂಥದಲ್ಲಿ ಪ್ರಶ್ನೆ ಒಂದೇ ದಿಕ್ಕಿಗೆ ಹರಿಯುತ್ತದೆ. ಕೇಳುವವನು ಸದಾ ಅವನು. ಉತ್ತರಿಸುವವರು ಬಹುಪಾಲು ಕುಲದ ಹಿರಿಯ ಗಂಡಸರು. ದುಭಾಷಿಯ ಮೂಲಕ ಬಂದ ಉತ್ತರವು "ಈ ಕುಲದ ಪದ್ಧತಿ ಇದು" ಎಂಬ ಸ್ಥಿರ ವಾಕ್ಯವಾಗಿ ಮುದ್ರಣಗೊಳ್ಳುತ್ತದೆ. ಆ ಪದ್ಧತಿಯ ಬಗೆಗೆ ಹಟ್ಟಿಯೊಳಗೇ ಇದ್ದಿರಬಹುದಾದ ಗೊಣಗಾಟ, ಭಿನ್ನಮತ, ನೋವು ಅದರಲ್ಲಿ ಸೇರುವುದಿಲ್ಲ. ಎದುರಿನವರೂ ಅವನನ್ನು ಏನಾದರೂ ಕೇಳಿರಬಹುದು. ಆ ಪ್ರಶ್ನೆ ತನ್ನನ್ನು ಕಲಕಿತೆಂದು ಅವನು ಬರೆಯುವುದಿಲ್ಲ. ಕಂಪನಿಗೆ ಬೇಕಾಗಿದ್ದುದು ನೆಲದ ಲೆಕ್ಕ. ಅವನು ಅದನ್ನು ಪ್ರಾಮಾಣಿಕವಾಗಿ ಒಪ್ಪಿಸಿದನು.

ಬುಕಾನನ್ ಗುರುವಾಗಿರಲಿಲ್ಲ, ಆದ್ದರಿಂದ ಈ ಟೀಕೆ ನಮಗೆ ತಾಗದು ಎಂದು ಯಾರಾದರೂ ಹೇಳಬಹುದು. ಅಂಥವರು ಅಬ್ಬೆ ದ್ಯುಬುವಾ ಅವರ ಕಡೆಗೆ ತಿರುಗಲಿ. ಪ್ಯಾರಿಸ್ ಹೊರನಾಡು ಧರ್ಮಪ್ರಚಾರ ಸಂಘದ ಈ ಗುರು 1792ರಲ್ಲಿ ಭಾರತಕ್ಕೆ ಬಂದು, 1799ರ ನಂತರ ಮೈಸೂರು ಸೀಮೆಯ ಚದುರಿದ ಕ್ರೈಸ್ತರ ನಡುವೆ ಸೇವೆ ಸಲ್ಲಿಸಿ, 1823ರಲ್ಲಿ ಮರಳಿದರು. ಈ ನಾಡಿನವರ ಉಡುಪು ಉಟ್ಟು, ಅವರ ಆಹಾರಕ್ರಮವನ್ನೇ ಪಾಲಿಸಿದರು. ಸಿಡುಬಿನ ಲಸಿಕೆ ಹಾಕಿಸುವುದರಲ್ಲಿ ಮುಂದಾದರು. ಹಿಂದೂಗಳ ಆಚಾರವಿಚಾರಗಳನ್ನು ಕುರಿತು ಅವರ ಹೆಸರಿನಲ್ಲಿರುವ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯೇ ಕೊಂಡುಕೊಂಡಿತು.

ಬುಕಾನನ್ನನಿಗಿಂತ ಇವರು ಜನರಿಗೆ ಹತ್ತಿರದವರು ಎಂಬುದರಲ್ಲಿ ಸಂಶಯವಿಲ್ಲ. ಹಾಗಿದ್ದೂ ಅವರ ಗ್ರಂಥ ಓದುವವನಿಗೆ ಒಂದು ವಿಚಿತ್ರ ಕಾಣುತ್ತದೆ. ಬಟ್ಟೆ ಬದಲಾಯಿತು, ಊಟ ಬದಲಾಯಿತು, ತೀರ್ಪು ಮಾತ್ರ ಹೆಚ್ಚುಕಡಿಮೆ ಬಂದಾಗ ಇದ್ದಲ್ಲೇ ಉಳಿಯಿತು. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು, ಇದ್ದ ಪರಿಸ್ಥಿತಿಯಲ್ಲಿ ಹಿಂದೂಗಳ ನಿಜವಾದ ಪರಿವರ್ತನೆ ಅಸಾಧ್ಯವೆಂಬ ನಿರ್ಣಯಕ್ಕೆ ಬಂದರು. ಮೂರು ದಶಕಗಳ ಸಹವಾಸದ ಕೊನೆಗೆ ಉಳಿದದ್ದು ನಿರಾಶೆ. ಇನ್ನೊಂದು ಸಂಗತಿಯೂ ಇದೆ. ಅವರ ಆ ಪ್ರಸಿದ್ಧ ಹಸ್ತಪ್ರತಿಯ ಬಹುಭಾಗಕ್ಕೆ ಹದಿನೆಂಟನೆಯ ಶತಮಾನದ ಯೇಸುಸಭೆಯ ಗುರು ಕೆರ್ದೂ ಅವರ ಬರಹವೇ ಮೂಲವೆಂದು ಸಿಲ್ವಿಯಾ ಮ್ಯೂರ್ ಎಂಬ ವಿದುಷಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿಕೊಟ್ಟರು. ಇಷ್ಟು ವರ್ಷ ಜನರ ನಡುವೆ ಇದ್ದವರೂ ಅವರನ್ನು ವರ್ಣಿಸುವಾಗ ಮತ್ತೊಬ್ಬರ ಹಳೆಯ ಪುಟಗಳನ್ನೇ ಆಶ್ರಯಿಸಿದರು. ಹಿಂದಿನ ವರ್ಷದ ವರದಿಯನ್ನು ಎದುರಿಗಿಟ್ಟುಕೊಂಡು ಈ ವರ್ಷದ ವರದಿ ಬರೆಯುವ ನಮ್ಮ ಅಭ್ಯರ್ಥಿಗಳನ್ನು ಗದರುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಈ ಎರಡು ಗ್ರಂಥಗಳ ಕೊರತೆ ನಮಗೆ ಅರ್ಥವಾದದ್ದು ಗ್ರಂಥಾಲಯದಲ್ಲಿ ಅಲ್ಲ. ಕೆಲವು ವರ್ಷಗಳ ಹಿಂದೆ ಅಭ್ಯರ್ಥಿಗಳೊಡನೆ ಶಿರಾ ಸೀಮೆಯ ಒಂದು ಗೊಲ್ಲರಹಟ್ಟಿಗೆ ಹೋಗಿದ್ದೆವು. ಬಾಣಂತಿಯೂ ಮುಟ್ಟಾದವಳೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಬೇಕೆಂಬ ಕಟ್ಟಳೆಯನ್ನು ಕುರಿತು ವಿಚಾರಿಸುವುದು ನಮ್ಮ ಪಟ್ಟಿಯಲ್ಲಿತ್ತು. ಅಭ್ಯರ್ಥಿಗಳು ಎಷ್ಟು ದಿನ, ಏಕೆ, ಯಾರು ಊಟ ಕೊಡುತ್ತಾರೆ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ತಾಳ್ಮೆಯಿಂದ ಉತ್ತರಿಸಿದ ಅಜ್ಜಿಯೊಬ್ಬರು ಕೊನೆಗೆ ನಮ್ಮ ಕಡೆ ತಿರುಗಿ, "ನಿಮ್ಮಲ್ಲಿ ಬಾಣಂತಿ ಎಷ್ಟು ದಿನಕ್ಕೆ ಗುಡಿಗೆ ಬತ್ತಾಳೆ ಸ್ವಾಮಿ?" ಎಂದು ಕೇಳಿದರು.

"ನಮ್ಮಲ್ಲಿ ಅಂಥದೇನೂ ಇಲ್ಲಮ್ಮ" ಎಂದೆವು. ಅಭ್ಯರ್ಥಿಗಳು ತಲೆಯಾಡಿಸಿದರು. ವರದಿಯಲ್ಲಿ ಆ ಪ್ರಶ್ನೆಯನ್ನು ಯಾರೂ ಬರೆಯಲಿಲ್ಲ.

ಹಿಂದಿರುಗಿದ ಮೇಲೆ ಆ ಉತ್ತರ ನಮ್ಮನ್ನು ಬಿಡಲಿಲ್ಲ. ಯಾಜಕಕಾಂಡದ ಹನ್ನೆರಡನೆಯ ಅಧ್ಯಾಯವನ್ನು ನಾವೇ ಪಾಠ ಹೇಳುತ್ತೇವೆ. ಗಂಡುಮಗು ಹೆತ್ತವಳಿಗೆ ಒಟ್ಟು ನಲವತ್ತು ದಿನ, ಹೆಣ್ಣುಮಗು ಹೆತ್ತವಳಿಗೆ ಎಂಬತ್ತು ದಿನ ಪವಿತ್ರಾಲಯ ಪ್ರವೇಶ ನಿಷಿದ್ಧವೆಂದು ಅದು ವಿಧಿಸುತ್ತದೆ. ಮಾತೆ ಮರಿಯಮ್ಮನವರೂ ಈ ವಿಧಿಯಂತೆ ಬಡವರ ಕಾಣಿಕೆಯೊಡನೆ ದೇವಾಲಯಕ್ಕೆ ಹೋದರೆಂದು ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಿಂದ ತಿಳಿಯುತ್ತದೆ. ಫೆಬ್ರವರಿ 2ರ ಹಬ್ಬಕ್ಕೆ 1969ರ ಪಂಚಾಂಗ ಸುಧಾರಣೆಯವರೆಗೂ ಮರಿಯಮ್ಮನವರ ಶುದ್ಧೀಕರಣದ ಹಬ್ಬವೆಂದೇ ಹೆಸರು. 1614ರ ರೋಮನ್ ವಿಧಿಗ್ರಂಥದಲ್ಲಿ ಬಾಣಂತಿಯ ಆಶೀರ್ವಾದಕ್ಕೆ ಪ್ರತ್ಯೇಕ ಕ್ರಮವೇ ಇದೆ. ಉರಿಯುವ ಮೇಣದ ಬತ್ತಿ ಹಿಡಿದು ದೇವಾಲಯದ ಬಾಗಿಲಲ್ಲಿ ಮಂಡಿಯೂರಿದ ತಾಯಿಗೆ ಗುರು ತನ್ನ ಸ್ತೋಲದ ಅಂಚನ್ನು ಕೈಗಿತ್ತು ಒಳಗೆ ಕರೆತರುತ್ತಾನೆ. ಆ ಪ್ರಾರ್ಥನೆಗಳ ಅರ್ಥ ಕೃತಜ್ಞತೆಯೇ ಹೊರತು ಶುದ್ಧೀಕರಣವಲ್ಲ ಎಂದು ನಾವು ವಾದಿಸಬಹುದು. ವಾದ ಸರಿಯೂ ಹೌದು. ಆದರೆ ಬಾಗಿಲ ಹೊರಗೆ ಕಾದು ನಿಂತ ಹೆಂಗಸಿಗೆ ಅದು ಹಾಗೆಯೇ ಕೇಳಿಸಿತೆ? ಅಜ್ಜಿಗೆ ಕೊಟ್ಟ ಉತ್ತರ ಸುಳ್ಳಾಗಿತ್ತು. ಬೇಕೆಂದು ಆಡಿದ ಸುಳ್ಳಲ್ಲ. ನಮ್ಮ ಮನೆಯನ್ನು ನಾವೇ ನೋಡದವರ ಸುಳ್ಳು.

ಇದೇ ಪ್ರಶ್ನೆ ಹಿಂದೊಮ್ಮೆ ಪ್ರೇಷಿತಕಾರ್ಯದ ನಡುವೆಯೇ ಎದ್ದಿತ್ತೆಂಬುದು ಗಮನಾರ್ಹ. ಆಂಗ್ಲರ ನಾಡಿಗೆ ಹೋದ ಸಂತ ಅಗಸ್ಟೀನನು, ಹೆತ್ತ ಹೆಣ್ಣು ಎಷ್ಟು ದಿನಕ್ಕೆ ದೇವಾಲಯಕ್ಕೆ ಬರಬಹುದೆಂದು ರೋಮಿಗೆ ಬರೆದು ಕೇಳಿದನು. ಹೆತ್ತ ಗಳಿಗೆಯಲ್ಲೇ ಸ್ತೋತ್ರ ಸಲ್ಲಿಸಲು ಒಳಗೆ ಬಂದರೂ ಅವಳಲ್ಲಿ ಪಾಪವಿಲ್ಲವೆಂಬ ಉತ್ತರವನ್ನು ಜಗದ್ಗುರು ಮಹಾ ಗ್ರೆಗೊರಿಯವರದೆಂದು ಸಂತ ಬೀಡನು 731ರಲ್ಲಿ ಮುಗಿಸಿದ ತನ್ನ ಇತಿಹಾಸದಲ್ಲಿ ದಾಖಲಿಸಿದ್ದಾನೆ. ಹೊಸ ಜನರ ನಡುವೆ ಎದ್ದ ಪ್ರಶ್ನೆ ಧರ್ಮಸಭೆಯು ತನ್ನ ಮನಸ್ಸನ್ನೇ ತಿಳಿಯಾಗಿಸಿಕೊಳ್ಳುವಂತೆ ಮಾಡಿತು. ಆ ಉತ್ತರ ಸ್ಪಷ್ಟವಾಗಿದ್ದೂ ಬಾಗಿಲ ಹೊರಗಿನ ಕಾಯುವಿಕೆ ಮತ್ತೆ ಶತಮಾನಗಳ ಕಾಲ ಮುಂದುವರಿಯಿತು.

ಪ್ರೇಷಿತರ ಕಾರ್ಯಕಲಾಪಗಳ ಹತ್ತನೆಯ ಅಧ್ಯಾಯವನ್ನು ಈ ಬೆಳಕಿನಲ್ಲಿ ಓದಬೇಕು. ಕೊರ್ನೇಲಿಯನ ಮನೆಗೆ ಬೋಧಿಸಲೆಂದು ಹೋದ ಸಂತ ಪೇತ್ರನೇ ಅಲ್ಲಿ ಕಲಿಯುತ್ತಾನೆ: ಯಾರನ್ನೂ ಅಶುದ್ಧರೆನ್ನಬಾರದೆಂದು ದೇವರೇ ತನಗೆ ತೋರಿಸಿಕೊಟ್ಟರು ಎಂದು ಒಪ್ಪಿಕೊಳ್ಳುತ್ತಾನೆ. ನಮ್ಮ ಪ್ರವಚನಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಕಥೆ ನಿಲ್ಲುವುದಿಲ್ಲ. ಹನ್ನೊಂದನೆಯ ಅಧ್ಯಾಯದಲ್ಲಿ ಅವನು ಜೆರುಸಲೇಮಿಗೆ ಮರಳಿ, ಸುನ್ನತಿಯಿಲ್ಲದವರೊಡನೆ ಉಂಡದ್ದೇಕೆಂದು ತನ್ನವರೇ ಹಿಡಿದು ಕೇಳಿದಾಗ ಉತ್ತರ ಹೇಳಬೇಕಾಗುತ್ತದೆ. ಮುಂದೆ ಅಂತಿಯೋಕ್ಯದಲ್ಲಿ ತನ್ನವರ ಭಯದಿಂದ ಅದೇ ಪೇತ್ರನು ಅನ್ಯಜನರ ಪಂಕ್ತಿಯಿಂದ ಹಿಂದೆ ಸರಿದು ಸಂತ ಪೌಲನಿಂದ ಎದುರಾಎದುರು ಖಂಡಿಸಿಕೊಳ್ಳುತ್ತಾನೆಂದು ಗಲಾತ್ಯರಿಗೆ ಬರೆದ ಪತ್ರ ಹೇಳುತ್ತದೆ. ಅನ್ಯರ ಮನೆಯಲ್ಲಿ ಕಲಿತದ್ದರ ಪರೀಕ್ಷೆ ನಡೆಯುವುದು ನಮ್ಮವರ ನಡುವೆ. ಒಮ್ಮೆ ತೇರ್ಗಡೆಯಾದವನು ಮತ್ತೆ ತಪ್ಪಬಲ್ಲನು. ಆದುದರಿಂದ ಒಂದು ವಾರದ ಶಿಬಿರದ ಕೊನೆಗೆ "ನಾನು ಬೆಳೆದೆ" ಎಂದು ಬರೆಯುವುದು ಅವಸರದ ಮಾತು.

ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಏಳುತ್ತದೆ. ನಮ್ಮ ಮನೆಯಲ್ಲೂ ಗುಡಿಸಲಿತ್ತು ಎಂದು ಒಪ್ಪಿಕೊಂಡ ಮೇಲೆ ಹಟ್ಟಿಯ ಗುಡಿಸಲಿನ ಬಗೆಗೆ ನಾವು ಬಾಯಿ ಮುಚ್ಚಿಕೊಳ್ಳಬೇಕೆ? ಖಂಡಿತ ಕೂಡದು. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ಮಳೆ ಚಳಿಯ ದಿನಗಳಲ್ಲಿ, ತಾಯಿಯೊಡನೆ ಹೊರಗಿನ ಗುಡಿಸಲಲ್ಲಿದ್ದ ಹಸುಗೂಸು ತೀರಿಕೊಂಡಿತು. ಮುಟ್ಟಾದ ಅಥವಾ ಗರ್ಭಿಣಿಯಾದ ಹೆಂಗಸರನ್ನು ಬಲವಂತವಾಗಿ ಹೊರಗಿಡುವುದು ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ ಕರ್ನಾಟಕದ 2017ರ ಕಾಯಿದೆಯಡಿ ಅಪರಾಧ. ಸತ್ತ ಮಗುವಿನ ಎದುರು "ಅದು ಅವರ ಸಂಸ್ಕೃತಿ" ಎನ್ನುವುದು ಗೌರವವಲ್ಲ, ಉದಾಸೀನ. ರಕ್ತಸ್ರಾವದಿಂದ ಹನ್ನೆರಡು ವರ್ಷ ನರಳಿದ ಹೆಂಗಸು ತಮ್ಮ ಉಡುಪನ್ನು ಮುಟ್ಟಿದಾಗ ಯೇಸುಸ್ವಾಮಿ ಅವಳನ್ನು ಗದರಲಿಲ್ಲ. ಮಗಳೇ ಎಂದು ಕರೆದು ಜನರ ನಡುವೆ ನಿಲ್ಲಿಸಿದರು. ಆ ಸ್ವಾಮಿಯ ಹೆಸರಿನಲ್ಲಿ ಹೋದವರು ಮಾತನಾಡಲೇಬೇಕು.

ಆದರೆ ಯಾವ ಸ್ಥಾನದಿಂದ ಮಾತನಾಡುತ್ತೇವೆ ಎಂಬುದರಿಂದ ಮಾತಿನ ಸ್ವರೂಪವೇ ಬೇರೆಯಾಗುತ್ತದೆ. ಕೆಲವು ಹಟ್ಟಿಗಳಲ್ಲಿ ಸರ್ಕಾರ ಕೃಷ್ಣ ಕುಟೀರಗಳೆಂಬ ಗಟ್ಟಿ ಕಟ್ಟಡಗಳನ್ನು ಕಟ್ಟಿಸಿತು. ಮಳೆಯಿಂದ ರಕ್ಷಣೆ ದೊರೆಯಿತು ನಿಜ. ಹೊರಗಿರಬೇಕೆಂಬ ಕಟ್ಟಳೆಗೆ ಮಾತ್ರ ಕಲ್ಲಿನ ಗೋಡೆ ಬಂದಿತು. ದೀಪದ ಕಂಬ, ಆರತಿ, ಕಾವಿ ಶಾಲುಗಳಿಗಷ್ಟೇ ನಿಲ್ಲುವ ನಮ್ಮ ದೇಶೀಕರಣವೂ ದ್ಯುಬುವಾ ಅವರ ಉಡುಪಿನಂತೆ ಇದೇ ಜಾತಿಯದು. ಗೋಡೆ ಚೆಲುವಾಗುತ್ತದೆ, ಒಳಗೆ ಯಾರು ಬರಬಹುದು ಎಂಬ ಪ್ರಶ್ನೆ ಹಾಗೆಯೇ ಇರುತ್ತದೆ. 1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಪ್ರೇಷಿತಕಾರ್ಯದ ಆದೇಶಪತ್ರವು ತನ್ನ ಹನ್ನೊಂದನೆಯ ವಿಭಾಗದಲ್ಲಿ, ದೇವರು ಜನಾಂಗಗಳಿಗೆ ಹಂಚಿದ ಸಂಪತ್ತನ್ನು ಪ್ರಾಮಾಣಿಕವೂ ತಾಳ್ಮೆಯದೂ ಆದ ಸಂವಾದದಿಂದ ಕಲಿಯಬೇಕೆನ್ನುತ್ತದೆ. ಆ ಸಂಪತ್ತನ್ನು ಶುಭಸಂದೇಶದ ಬೆಳಕಿನಲ್ಲಿ ನೋಡಬೇಕೆಂದೂ ಹೇಳುತ್ತದೆ. ಹಿಡಿದ ದೀಪದ ಬೆಳಕು ಹಿಡಿದವನ ಮೇಲೂ ಬೀಳುತ್ತದೆಂಬುದನ್ನು ನಾವು ಆ ವಿಭಾಗದ ಪಾಠದಲ್ಲಿ ಸಾಕಷ್ಟು ಹೇಳಿಕೊಟ್ಟಿಲ್ಲ.

ಗ್ರಾಮವಾಸದ ವರದಿಗೆ ಎರಡು ಅಂಕಣಗಳನ್ನು ಸೇರಿಸಬೇಕೆಂದು ಈ ಪತ್ರಿಕೆಯ ಮೂಲಕ ಸಹ ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇವೆ. ಅಲ್ಲಿಯ ಜನ ನಮ್ಮನ್ನು ಏನು ಕೇಳಿದರು ಎಂಬುದು ಒಂದು. ಮರಳಿ ಬಂದ ಮೇಲೆ ನಮ್ಮ ಮನೆಯಲ್ಲಿ ಏನು ಕಂಡಿತು ಎಂಬುದು ಇನ್ನೊಂದು. ಎರಡನೆಯ ಅಂಕಣ ಖಾಲಿಯಿದ್ದರೆ ವರದಿಯನ್ನು ಹಿಂದಿರುಗಿಸೋಣ.

ಮರುವರ್ಷ ಅದೇ ಹಟ್ಟಿಗೆ ಹೋದಾಗ ಆ ಅಜ್ಜಿಯನ್ನು ಹುಡುಕಿ, ನಮ್ಮಲ್ಲೂ ಅಂಥದೊಂದು ಇತ್ತು, ಹೋದ ಸಲ ತಪ್ಪು ಹೇಳಿದೆವು ಎಂದು ತಿಳಿಸಿದೆವು. ಅವರು ಆಶ್ಚರ್ಯಪಡಲಿಲ್ಲ. "ಮತ್ತೆ ಅದನ್ನ ನಿಲ್ಲಿಸಿದೋರು ಯಾರು?" ಎಂದರು. ಪಕ್ಕದಲ್ಲಿ ಕೂತಿದ್ದ ಸೊಸೆ ತಲೆಯೆತ್ತಿ ನೋಡಿದಳು. ಉತ್ತರ ಸುಲಭವಾಗಿರಲಿಲ್ಲ. ಹೊಸ ದೀಕ್ಷಾಸ್ನಾನದ ವಿಧಿಯಲ್ಲಿ ತಾಯಿಯ ಆಶೀರ್ವಾದ ಸೇರಿಕೊಂಡಿತು, ಹಳೆಯ ಕ್ರಮ ಸದ್ದಿಲ್ಲದೆ ಬಳಕೆ ತಪ್ಪಿತು. ಬಾಗಿಲಲ್ಲಿ ಕಾದವರನ್ನು ಯಾರೂ ಕರೆದು ವಿಚಾರಿಸಲಿಲ್ಲ, ಕ್ಷಮೆ ಕೇಳಲೂ ಇಲ್ಲ. ಇದನ್ನೇ ಆ ಇಬ್ಬರಿಗೂ ಹೇಳಿದೆವು. ಆ ಸಂಜೆ ಗುಡಿಸಲಿನ ಮಾತನ್ನು ಎತ್ತಿದವರು ನಾವಲ್ಲ, ಆ ಸೊಸೆ.