ಗುಡಿಯ ಬೆನ್ನಿಗೆ ನಿಂತ ಕ್ಯಾಮೆರಾ

ರಾಮದುರ್ಗ ದಾಟಿದ ಮಲಪ್ರಭೆ ಪಟ್ಟದಕಲ್ಲು, ಐಹೊಳೆಗಳ ಕಡೆ ಹರಿಯುತ್ತದೆ. ಈ ಹೊಳೆಸಾಲಿನ ಗುಡಿಗಳ ಮುಂದೆ ಕ್ಯಾಮೆರಾ ಬಂದು ನಿಂತದ್ದು ಇಂದು ನಿನ್ನೆಯಲ್ಲ. 1855ರಲ್ಲಿ ಮುಂಬಯಿ ಸರಕಾರ ಫಿರಂಗಿ ದಳದ ಥಾಮಸ್ ಬಿಗ್ಸ್‌ನನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಫೋಟೊ ತೆಗೆಯಲು ಕಳಿಸಿತು. ಅವನು ದಳಕ್ಕೆ ಮರಳಿದ ಮೇಲೆ ವೈದ್ಯ ವಿಲಿಯಂ ಪಿಗೂ ಕೆಲಸ ಮುಂದುವರಿಸಿದ. ಮೈಸೂರು ಸೀಮೆಯಲ್ಲಿ ನೀಲ್ ಎಂಬವನು ತೆಗೆದ ಚಿತ್ರಗಳೂ ಸೇರಿ, 1866ರಲ್ಲಿ ಲಂಡನ್ನಿನಲ್ಲಿ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ದೊಡ್ಡ ಪುಸ್ತಕ ಬಂತು.

ಈ ಚಿತ್ರಗಳ ಚೆಲುವು ಕಾಗದದ ನೆಗೆಟಿವ್‌ನಲ್ಲಿದೆ. ಕಾಗದದ ನಾರು ಅಂಚುಗಳನ್ನು ತುಸು ಮೆದುಗೊಳಿಸುತ್ತದೆ; ಮರಳುಗಲ್ಲಿನ ಒರಟು ಕೈಗೆ ತಾಗಿದಂತಾಗುತ್ತದೆ. ಇಂದಿನ ಡಿಜಿಟಲ್ ಚಿತ್ರದ ಹರಿತದಲ್ಲಿ ಈ ಗುಣ ಇಲ್ಲ.

ಆದರೆ ಚೆಲುವಾದ ಚಿತ್ರವೂ ದಾರಿ ತಪ್ಪಿಸೀತು. ಐಹೊಳೆಯ ದುರ್ಗದ ಗುಡಿಯ ದುಂಡನೆಯ ಹಿಂಬದಿ, ನಮ್ಮವರು ಗಜಪೃಷ್ಠ ಎನ್ನುವ ಭಾಗ, ಚಿತ್ರದಲ್ಲಿ ಆ ಪುಸ್ತಕದ ವಾಸ್ತುಟಿಪ್ಪಣಿ ಬರೆದ ಫರ್ಗುಸನ್‌ನ ಕಣ್ಣಿಗೆ ಬಿತ್ತು. ಆ ದುಂಡಿನಲ್ಲಿ ಅವನು ಬೌದ್ಧ ಚೈತ್ಯವನ್ನು ಕಂಡ. ಅದು ತಪ್ಪು ಓದು. ಹೆಸರಿನಲ್ಲಿರುವ ದುರ್ಗವೂ ದೇವಿಯಲ್ಲ, ಕೋಟೆ. ಶಾಸನ ಓದಿದ ವಿದ್ವಾಂಸರು ಇದನ್ನು ಆದಿತ್ಯನ ಗುಡಿ ಎನ್ನುತ್ತಾರೆ. ಇಂಥ ಓದುಗಳ ಚರಿತ್ರೆಗೇ ಕಲಾಚರಿತ್ರೆಕಾರ ಗ್ಯಾರಿ ತಾರ್ತಕೋವ್ 1997ರಲ್ಲಿ ಒಂದು ಪುಸ್ತಕ ಮೀಸಲಿಟ್ಟರು.

ಅದೇ ಹಳೆಯ ಚಿತ್ರ ಇನ್ನೊಂದು ಸತ್ಯವನ್ನೂ ಉಳಿಸಿದೆ. ಮಾಡಿನ ಮೇಲೆ ಯಾವುದೋ ಕಾಲದಲ್ಲಿ ಒಟ್ಟಿದ ಕಾವಲುಗೋಡೆಯ ಒರಟು ಕಲ್ಲುಗಳು ಅದರಲ್ಲಿ ಕಾಣುತ್ತವೆ. ಈಗಿನ ಹುಲ್ಲುಹಾಸಿನ ಚಿತ್ರದಲ್ಲಿ ಅವಿಲ್ಲ, ದುರ್ಗ ಎಂಬ ಹೆಸರಿನ ಗುಟ್ಟೂ ಇಲ್ಲ.

ಚೀನಾದ ವಾಸ್ತುತಜ್ಞ ದಂಪತಿ ಲಿಯಾಂಗ್ ಸಿಚೆಂಗ್, ಲಿನ್ ಹುಯಿಯಿನ್ ಗುಡಿ ಓದಲು ಬೇರೆ ದಾರಿ ಹಿಡಿದರು. 1937ರಲ್ಲಿ ವುತಾಯ್ ಬೆಟ್ಟದ ಫೊಗುವಾಂಗ್ ಗುಡಿಯಲ್ಲಿ ಬಾವಲಿಗಳ ನಡುವೆ ಅಟ್ಟ ಹತ್ತಿ, ಕತ್ತಲಲ್ಲಿ ಅಳತೆ ಹಿಡಿದು ಫೋಟೊ ತೆಗೆದರು. ತೊಲೆಯ ಮೇಲಿನ ಮಸಿಬರಹದಿಂದ ಆ ಮರದ ಗುಡಿ ಕ್ರಿ.ಶ. 857ರದೆಂದು ತಿಳಿಯಿತು. ಹೊರಗಿನ ಸೊಬಗಿಗೇ ಸೋತು ನಿಂತಿದ್ದರೆ ಆ ಬರಹ ಸಿಗುತ್ತಿರಲಿಲ್ಲ.

ಬಿಗ್ಸ್, ಪಿಗೂ ನುರಿತ ಕೈಗಳು. ಅವರ ಚಿತ್ರಗಳು ದಾಖಲೆಯಾಗಿ ಗೆದ್ದವು, ಗುಡಿಯ ಓದಾಗಿ ಅರ್ಧಕ್ಕೆ ನಿಂತವು. ಅದಕ್ಕೇ ತೊರಗಲ್ಲದ ಭೂತನಾಥ ಗುಡಿಗೋ ಸವದತ್ತಿ ಬಳಿಯ ಹೂಲಿಯ ಪಂಚಲಿಂಗೇಶ್ವರ ಗುಡಿಗೋ ಹೋಗುವವರು ಮೊದಲು ಒಂದು ಸುತ್ತು ಹಾಕಲಿ. ನವರಂಗದ ಕತ್ತಲೆಗೆ ಕಣ್ಣು ಹೊಂದುವವರೆಗೆ ಕೂತು ಆಮೇಲೆ ಕ್ಯಾಮೆರಾ ತೆಗೆಯಲಿ. ಚಿತ್ರದ ಕೆಳಗೆ ಯಾವ ದಿಕ್ಕಿನಿಂದ, ಯಾವ ದಿನ ತೆಗೆದದ್ದು ಎಂದು ಬರೆದಿಡಲಿ.