ಮುಕ್ತ ತಂತ್ರಾಂಶ ನೀತಿ ಮತ್ತು ತಾಲ್ಲೂಕು ಕಚೇರಿಯ ಹಳೆಯ ಕಡತಗಳು

ಸರ್ಕಾರಿ ಕಚೇರಿಗಳು ಮುಕ್ತ ತಂತ್ರಾಂಶಕ್ಕೆ ಬದಲಾಗಬೇಕೆಂದು ವಾದಿಸುವವರಲ್ಲಿ ನಾನೂ ಒಬ್ಬ. ಆದರೆ ಆ ವಾದವನ್ನು ನಾವು ತಪ್ಪು ತುದಿಯಿಂದ ಹಿಡಿದೆವು ಎಂದು ಈಗ ಅನ್ನಿಸುತ್ತದೆ. ಲೈಸೆನ್ಸ್ ಹಣ ಉಳಿಯುತ್ತದೆ ಎಂದೆವು. ಹಣ ಉಳಿಯುವುದು ನಿಜ. ಬೀದರ್, ಭಾಲ್ಕಿ, ಔರಾದಗಳಂಥ ಊರುಗಳ ಕಚೇರಿಗಳಲ್ಲಿ ತೊಡಕಿರುವುದು ಬೇರೆ ಕಡೆ.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಿಂದ ನಮ್ಮ ವಿಭಾಗಕ್ಕೆ ಇ-ಮೇಲ್ ಮೂಲಕ ಕನ್ನಡದ ಸುತ್ತೋಲೆ ಬಂತು. ಪ್ರಯೋಗಾಲಯದ ಲಿನಕ್ಸ್ ಗಣಕದಲ್ಲಿ ತೆರೆದರೆ ಒಂದು ಕನ್ನಡ ಅಕ್ಷರವೂ ಇಲ್ಲ; ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಾಲುಗಳು. ವಿದ್ಯಾರ್ಥಿಗಳು ಲಿನಕ್ಸನ್ನು ದೂರಿದರು. ತಪ್ಪು ಅದರದಲ್ಲ.

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ನುಡಿ, ಬರಹಗಳ ಹಳೆಯ ಫಾಂಟ್‌ಗಳು ಒಂದು ಬೈಟ್‌ನ 256 ಸ್ಥಾನಗಳಲ್ಲಿ, ರೋಮನ್ ಅಕ್ಷರಗಳ ಸಂಖ್ಯೆಗಳನ್ನೇ ಬಳಸಿ, ಕನ್ನಡ ಅಕ್ಷರಗಳ ತುಂಡುಚಿತ್ರಗಳನ್ನು ಕೂರಿಸಿದ್ದವು. ಫಾಂಟ್ ಹಾಕಿಕೊಂಡರೆ ಓದಬಹುದು. ಆದರೆ ಗಣಕದ ಪಾಲಿಗೆ ಅದು ಕನ್ನಡವೇ ಅಲ್ಲ. ಯೂನಿಕೋಡ್‌ನಲ್ಲಿ ಹಾಗಲ್ಲ. 'ಬೀದರ್' ಎಂದರೆ 3244, 3264, 3238, 3248, 3277. ಯಾವ ಯಂತ್ರದಲ್ಲಾದರೂ ಇದೇ. ಏಕಮಾನ ಬರೆಯದ ಅಳತೆಯನ್ನು ನಾವು ರೆಕಾರ್ಡ್ ಪುಸ್ತಕದಲ್ಲಿ ಒಪ್ಪುವುದಿಲ್ಲ. ಹಳೆಯ ಫಾಂಟ್‌ನ ಕಡತ ಅಂಥ ಅಳತೆ.

ನುಡಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕನ್ನಡ ಗಣಕ ಪರಿಷತ್ತು ಅದನ್ನು ಉಚಿತವಾಗಿ ಕೊಟ್ಟಿದ್ದರಿಂದಲೇ ಕಚೇರಿಗಳಲ್ಲಿ ಕನ್ನಡ ಟೈಪಿಂಗ್ ನೆಲೆಯೂರಿತು. ಮುಂದಿನ ಆವೃತ್ತಿಗಳು ಯೂನಿಕೋಡನ್ನು ಅಳವಡಿಸಿಕೊಂಡವು. ಆದರೆ ಅಷ್ಟರಲ್ಲಿ ಬರೆದಿಟ್ಟ ನಡಾವಳಿ, ಪತ್ರ, ಪಟ್ಟಿಗಳು ಹಾಗೆಯೇ ಉಳಿದವು. ಪಹಣಿಯ ಮಾತು ಬೇರೆ: 'ಭೂಮಿ' ಯೋಜನೆ 2002ರ ಹೊತ್ತಿಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು, ಅದನ್ನು ನೋಡಿಕೊಳ್ಳಲು ಎನ್‌ಐಸಿ ಇತ್ತು. ಬಿಡಿ ಕಡತಗಳಿಗೆ ಯಾರಿದ್ದಾರೆ?

ನಮ್ಮ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ. ಇಂದು ಅವನ್ನು ಓದಬಲ್ಲವರು ಕಡಿಮೆ. ಆದರೂ ಆ ಲಿಪಿ ಯಾರ ಸ್ವತ್ತೂ ಅಲ್ಲ, ಕಲಿತವರು ಓದುತ್ತಾರೆ. 2003ರಲ್ಲಿ ಟೈಪು ಮಾಡಿದ ಕಡತಕ್ಕೆ ಆ ಭಾಗ್ಯವೂ ಇಲ್ಲದಿರಬಹುದು.

ಈಗ ನೀತಿಯನ್ನು ನೋಡಿ. ಕೇಂದ್ರ ಸರ್ಕಾರ 2015ರಲ್ಲಿ ಹೊರಡಿಸಿದ ಮುಕ್ತ ತಂತ್ರಾಂಶ ನೀತಿ, ಇ-ಆಡಳಿತದಲ್ಲಿ ಮುಕ್ತ ಆಕರ ತಂತ್ರಾಂಶಕ್ಕೇ ಮೊದಲ ಆದ್ಯತೆ ಎನ್ನುತ್ತದೆ. ಅದನ್ನು ಬಿಟ್ಟರೆ ಕಾರಣ ಕೊಡಬೇಕು. ಒಳ್ಳೆಯ ಮಾತು. ಆದರೆ ಅದು ಅನ್ವಯಿಸುವುದು ಹೊಸ ವ್ಯವಸ್ಥೆಗಳಿಗೆ ಮತ್ತು ಹಳೆಯವುಗಳ ಹೊಸ ಆವೃತ್ತಿಗಳಿಗೆ. ರಾಜ್ಯಗಳಿಗೆ, ಅವು ಒಪ್ಪಿದರೆ ಮಾತ್ರ. ಹಾರ್ಡ್ ಡಿಸ್ಕ್‌ನಲ್ಲಿ ಬಿದ್ದಿರುವ ಕಡತಗಳ ಗತಿಯೇನೆಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಗುಮಾಸ್ತರು ಹಳೆಯ ವಿಂಡೋಸ್ ಬಿಡಲು ಒಪ್ಪದಿದ್ದರೆ ಅದು ಸೋಮಾರಿತನವಲ್ಲ. ಕಳೆದ ವರ್ಷದ ಪತ್ರ ತೆರೆಯಬೇಕಲ್ಲ!

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ಗಟ್ಟಿಮುಟ್ಟಾದ ಎಷ್ಟೋ ಗಣಕಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಲಿನಕ್ಸ್ ಅವುಗಳಲ್ಲಿ ಓಡುತ್ತದೆ. ಇಲ್ಲಿ ಅವಸರಪಟ್ಟು ಕಾರ್ಯಾಚರಣೆ ವ್ಯವಸ್ಥೆಯನ್ನೇ ಮೊದಲು ಬದಲಿಸಿದರೆ ನಮ್ಮ ಸುತ್ತೋಲೆಯ ಕಥೆ ಪ್ರತಿ ಮೇಜಿನಲ್ಲೂ ನಡೆಯುತ್ತದೆ. ಮೊದಲು ಕಡತಗಳು ಯೂನಿಕೋಡ್‌ಗೆ ಬರಲಿ. ನಂತರ ಇರುವ ವಿಂಡೋಸ್‌ನಲ್ಲಿಯೇ ಲಿಬ್ರೆ ಆಫೀಸ್ ರೂಢಿಯಾಗಲಿ. ಲಿನಕ್ಸ್ ಕೊನೆಗೆ, ಅದಕ್ಕೂ ಮುಂಚೆ ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಕೀಲಿಗಳು ಅದರಲ್ಲಿ ನಡೆಯುತ್ತವೆಯೇ ನೋಡಬೇಕು.

ಪರಿವರ್ತಕಗಳಿವೆ, ಮುಕ್ತ ಆಕರದವೂ ಇವೆ. ಒಂದು ಎಚ್ಚರಿಕೆ: ಹಳೆಯ ಫಾಂಟ್‌ನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದಂತೆ 'ರ' ಮೊದಲು. ಪರಿವರ್ತಕ ಈ ಕ್ರಮ ತಿರುಗಿಸುವಲ್ಲಿ ಎಡವಿದರೆ ಒಬ್ಬರ ಹೆಸರೇ ಬದಲಾದೀತು. ಆದ್ದರಿಂದ ಹೆಸರುಗಳನ್ನು ಮೂಲದೊಂದಿಗೆ ಹೋಲಿಸಲು ಮನುಷ್ಯರು ಬೇಕು, ಸಮಯ ಬೇಕು. ಉಳಿದ ಲೈಸೆನ್ಸ್ ಹಣ ಖರ್ಚಾಗಬೇಕಾದದ್ದು ಇಲ್ಲಿ.

ನಿಮ್ಮ ಶಾಲೆಯ ಗಣಕದಲ್ಲಿ ಹತ್ತು ವರ್ಷ ಹಿಂದಿನ ಒಂದು ಕನ್ನಡ ಪತ್ರ ತೆರೆಯಿರಿ. ಯೂನಿಕೋಡ್‌ನಲ್ಲಿ ನಿಮ್ಮ ಊರಿನ ಹೆಸರು ಟೈಪಿಸಿ ಹುಡುಕಿ. ಪರದೆಯ ಮೇಲೆ ಆ ಹೆಸರು ಕಾಣುತ್ತಿದ್ದೂ ಗಣಕ 'ಸಿಗಲಿಲ್ಲ' ಎಂದರೆ, ಕೆಲಸ ಎಲ್ಲಿಂದ ಆರಂಭವಾಗಬೇಕೆಂದು ವಿದ್ಯಾರ್ಥಿಗಳಿಗೆ ತೋರಿಸಬಹುದು.