ಐನ್‌ಮನೆಗಳನ್ನು ಕುರಿತ ಗ್ರಂಥ: ಒಂದು ವಿಮರ್ಶೆ

ಪಾಲಿಬೆಟ್ಟದ ಸುತ್ತಣ ಕಾಫಿತೋಟಗಳ ನಾಡಿನಲ್ಲಿ ಎರಡು ಬಗೆಯ ಹಳೆಯ ಮನೆಗಳುಂಟು. ಒಂದು, ಆಂಗ್ಲ ತೋಟಗಾರರ ಕಾಲದ ಬಂಗಲೆ. ಮತ್ತೊಂದು, ಕೊಡವ ಒಕ್ಕಗಳ ಐನ್‌ಮನೆ. ಬಂಗಲೆಗೆ ಒಡೆಯನೊಬ್ಬನಿರುವನಾದುದರಿಂದ ಅದನ್ನು ಕಾಯುವುದು ಹಣದ ಮಾತು. ಐನ್‌ಮನೆಯಾದರೋ ಒಕ್ಕದವರೆಲ್ಲರ ಸ್ವತ್ತು. ಎಲ್ಲರದೂ ಆದುದು ಯಾರೊಬ್ಬರ ಹೊಣೆಯೂ ಆಗದೆ ಸೋರಿ ಕುಸಿಯುವ ಭಯ ಅದಕ್ಕೆ ತಪ್ಪಿದುದಲ್ಲ. ಬೊವ್ವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿಗಳು 2014ರಲ್ಲಿ ಪ್ರಕಟಿಸಿದ ‘ಐನ್‌ಮನೆಸ್ ಆಫ್ ಕೊಡಗು’ ಎಂಬ ಇಂಗ್ಲಿಷ್ ಗ್ರಂಥವನ್ನು ಈ ಭಯವನ್ನು ನೆನೆದೇ ಓದತಕ್ಕದ್ದು.

ಈ ಕೆಲಸ ಅವರಿಗೆ ಮನೆತನದಿಂದ ಬಂದುದು. ಕೊಡವರ ಹಾಡು, ಪದ್ಧತಿಗಳನ್ನು ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದ ನಡಿಕೇರಿಯಂಡ ಚಿಣ್ಣಪ್ಪನವರ ಮೊಮ್ಮಕ್ಕಳಿವರು, ಆ ಕೃತಿಯನ್ನು 2003ರಲ್ಲಿ ಇಂಗ್ಲಿಷಿಗೆ ತಂದವರೂ ಇವರೇ. ಅಜ್ಜ ಬಾಯಿಮಾತನ್ನು ಉಳಿಸಿದರು. ಮೊಮ್ಮಕ್ಕಳು ಆ ಮಾತು ಹುಟ್ಟಿದ ಮನೆಯತ್ತ ತಿರುಗಿದರು. ಮನೆಯ ರೂಪದೊಡನೆ ಒಕ್ಕದ ಕಥೆಯನ್ನೂ ಹಿರಿಯರಿಂದ ಕೇಳಿ ಬರೆದುದೇ ಈ ಗ್ರಂಥದ ಹಿರಿಮೆ. ಕೆತ್ತನೆಯ ಕಂಬಗಳನ್ನೂ ಬಾಗಿಲುವಾಡಗಳನ್ನೂ ಚಿತ್ರಿಸುವುದು ಸುಲಭ. ನೆಲ್ಲಕ್ಕಿ ನಡುಬಾಡೆಯ ತೂಗುದೀಪದ ಮುಂದೆ ಅಕ್ಕಿ ಹಿಡಿದು ನಿಲ್ಲುವುದೇಕೆ, ಅಂಗಳದ ಕೈಮಡದಲ್ಲಿ ಕಾರಣವನನ್ನು ನೆನೆಯುವುದೇಕೆ ಎಂಬುದನ್ನು ತಿಳಿಯದವನಿಗೆ ಆ ಕಂಬ ಬರಿಯ ಮರ.

ಆದರೆ ಇಂತಹ ಕಲೆಗೆಲ್ಲ ಒಂದು ಮಿತಿಯಿದೆ. ಚೀನಾದಲ್ಲಿ ಲಿಯಾಂಗ್ ಸಿಚೆಂಗ್, ಲಿನ್ ಹುಯಿಯಿನ್ ದಂಪತಿಗಳು ಹಳೆಯ ಕಟ್ಟಡಗಳನ್ನು ಅಳೆದು ಚಿತ್ರಿಸುತ್ತ ಸಂಚರಿಸಿ, ಫೋಗುವಾಂಗ್ ದೇವಾಲಯದ, 857ರಲ್ಲಿ ಕಟ್ಟಿದ ಮುಖ್ಯ ಮಂದಿರವನ್ನು 1937ರಲ್ಲಿ ಗುರುತಿಸಿದರು. ಅಂತಹವರೇ ಬಾಳಿದ್ದ ಬೀಜಿಂಗಿನ ಅಂಗಳದ ಮನೆ 2012ರಲ್ಲಿ ನೆಲಸಮವಾಯಿತು. ಅವರ ರೇಖಾಚಿತ್ರಗಳು ಉಳಿದವು, ಅವರ ಮನೆ ಉಳಿಯಲಿಲ್ಲ. ನಡುವೆ ಅಂಗಳ, ಸುತ್ತ ನಾಲ್ಕು ಕಡೆಯೂ ಕಟ್ಟಡವಿರುವ ಮನೆ ಕೊಡಗಿಗೂ ಹೊಸತಲ್ಲ. ಆದುದರಿಂದ ಆ ಪಾಠವೂ ಪರಕೀಯವಲ್ಲ.

ಅಚ್ಚಿನಲ್ಲಿ ಮನೆಯನ್ನು ಕಂಡವನಿಗೆ ‘ಉಳಿಯಿತು’ ಎಂಬ ಸಮಾಧಾನ ಬೇಗನೆ ಬಂದುಬಿಡುತ್ತದೆ. ಚಿತ್ರದ ಸೊಬಗು ಹೆಚ್ಚಿದಷ್ಟೂ ಈ ಮೋಸ ಹೆಚ್ಚು. ಅಲ್ಲದೆ ಇಂಗ್ಲಿಷಿನಲ್ಲಿರುವ ಗ್ರಂಥ ಐನ್‌ಮನೆಯಲ್ಲಿ ದೀಪ ಹಚ್ಚುವ ಎಲ್ಲರ ಕೈಗೂ ಎಟುಕಲಾರದು. ಕನ್ನಡದಲ್ಲಿಯೂ ಕೊಡವ ಭಾಷೆಯಲ್ಲಿಯೂ ಇಂತಹ ಬರವಣಿಗೆ ಬೆಳೆಯಬೇಕು. ಮುಂದೆ ಈ ವಸ್ತುವನ್ನು ಕೈಗೊಳ್ಳುವ ಚಿತ್ರಕಾರನೂ ಕವಿಯೂ ಪುತ್ತರಿಯ ರಾತ್ರಿ ತುಂಬಿದ ಮನೆಯನ್ನಷ್ಟೇ ಬರೆಯದೆ, ಮರುವಾರ ಒಡೆದ ಹೆಂಚಿನಡಿ ಪಾತ್ರೆಯಿಡುವ ಒಂಟಿ ಮುದುಕಿಯನ್ನೂ ಬರೆಯಲಿ. ಊರು ಬಿಟ್ಟ ಒಕ್ಕದವನು ಅದನ್ನು ಕಂಡು ಹೆಂಚಿನ ಖರ್ಚಿಗೆ ತನ್ನ ಪಾಲನ್ನು ಕಳುಹಿಸಿದನಾದರೆ, ಕಲೆ ಸಾರ್ಥಕವಾಯಿತೆನ್ನಬಹುದು.